ಕಲ್ಲುನೆಲದ ವೈನು

ಹೋಟೆಲಿಗೆ ವೈನು ಆರಿಸಲು ಬಂದಿದ್ದ ರಘೋತ್ತಮರು ಎರಡನೆಯ ಗ್ಲಾಸಿನ ಗುಟುಕನ್ನೂ ಬಾಯಲ್ಲಿ ಹೊರಳಿಸಿ ಪೀಕದಾನಿಗೆ ಉಗುಳಿದರು. ದಿನವೆಲ್ಲ ರುಚಿ ನೋಡುವವರು ನುಂಗುವುದಿಲ್ಲ. ಅದೇ ಅವರ ಪದ್ಧತಿ. “ಚಲೋ ಅದ. ಆದ್ರ ಇಂಥಾದ್ದು ನಮ್ಮ ಹೋಟೆಲ್‌ನ್ಯಾಗ ಬೇಕಾದಷ್ಟು ಅದ,” ಎಂದರು. ಶೈಲಜಾ ಆ ಗ್ಲಾಸನ್ನು ಬದಿಗೆ ಸರಿಸಿದಳು. ಅವಳು ಬೇರೆ ಬೇರೆ ಹದಕ್ಕೆ ಬೆರೆಸಿದ ಮೂರು ಕೆಂಪು ವೈನುಗಳಲ್ಲಿ ಒಂದೂ ಒಪ್ಪಿಗೆಯಾಗದಿದ್ದರೆ, ಸಾಲಹಳ್ಳಿಯ ತೋಟದ ದ್ರಾಕ್ಷಿ ಬಳ್ಳಿ ಕಿತ್ತು ಕಬ್ಬು ಹಚ್ಚುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

“ಆತಲ್ಲ ಅತ್ತಿಗಿ,” ಮೈದುನ ಶ್ರೀಶೈಲ ನಕ್ಕ. “ಮನ್ಯಾಗ ಒಬ್ಬರೂ ಕುಡಿಯಂಗಿಲ್ಲ, ಊರಿಗೆ ಕುಡಸಾಕ ಹೊಂಟೀರಿ.”

“ಮಜ್ಜಿಗಿ ಕಡದಾಕಿನ ಎಲ್ಲಾ ಕುಡೀತಾಳೇನೋ? ಸುಮ್ಮ ಕುಂಡ್ರು,” ಎಂದು ಅವಳು ಮೂರನೆಯದನ್ನು ಮುಂದಿಟ್ಟಳು. ಅದು ಅವಳದೇ ಹಟ. ಒಗರು ಹೆಚ್ಚೆಂದು ಎಲ್ಲರೂ ಬಿಟ್ಟಿದ್ದ ಕಲ್ಲುನೆಲದ ಹಣ್ಣಿನ ವೈನನ್ನು ಬೈಸಿಕೊಂಡೇ ಅರ್ಧಕ್ಕರ್ಧ ಬೆರೆಸಿದ್ದಳು.

ರಘೋತ್ತಮರು ಮೂಸಿದರು. ತುಸು ತಡೆದು ಮತ್ತೆ ಮೂಸಿ, ಬಾಯಿಗೆ ಹಾಕಿಕೊಂಡರು. ಶ್ರೀಶೈಲ ಪೀಕದಾನಿಯನ್ನು ಅವರತ್ತ ಸರಿಸಿದ. ಅವರು ಬಾಗಿದರು, ಆದರೆ ಬಾಯಿ ತೆರೆಯಲಿಲ್ಲ. ಕಣ್ಣು ಮುಚ್ಚಿಕೊಂಡರು. ಗಂಟಲಮಣಿ ಮೆಲ್ಲಗೆ ಮೇಲೇರಿ ಇಳಿಯಿತು.

“ನುಂಗಿದ್ರೇನ್ರೀ ಸಾಹೇಬ್ರ?” ಶ್ರೀಶೈಲ ಬೆರಗಾದ.

“ಇದನ್ನ ಉಗುಳಲಿಕ್ಕೆ ನನಗೇನು ಹುಚ್ಚು ಹಿಡದದೇನಪಾ?” ರಘೋತ್ತಮರು ಖಾಲಿ ಗ್ಲಾಸನ್ನು ಶೈಲಜಾಳತ್ತ ಚಾಚಿದರು. “ಇನ್ನೊಂದೀಟು ಹಾಕ್ರಿ ಅಕ್ಕಾರ. ಈ ವರ್ಷ ಇದನ್ನ ಎಷ್ಟು ಮಾಡೀರಿ, ಅಷ್ಟೂ ನಮಗ ಇರಲಿ.”

ವೈನನ್ನು ಗ್ಲಾಸಿನ ತುಂಬ ಹಾಕಬಾರದೆಂದು ಶೈಲಜಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಅಂಚಿನವರೆಗೂ ಸುರುವಿದಳು.