ಉಳಿದ ಒಂದು ಚೀಟಿ

ಸೊಸೆ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಬಂದು ನಿಂತಾಗ ಟೈಲರಮ್ಮ ಮೇಜಿನ ಮೇಲೆ ಚೀನೀ ಮಾತುಗಳನ್ನು ಗುಂಡುಸೂಜಿಯಿಂದ ಚುಚ್ಚುತ್ತಿದ್ದಳು. ಒಂದೊಂದು ಚೀಟಿಗೆ ಒಂದೊಂದು ಮಾತು, ನಮ್ಮ ಅಕ್ಷರದಲ್ಲಿ ಬರೆದದ್ದು. ಹೊರಗೆ ಮಗ ಕಾರಿಗೆ ಸಾಮಾನು ತುಂಬುತ್ತಿದ್ದ. ಗಂಡ ಹೆಂಡತಿ ಬೇರೆ ಊರಲ್ಲಿ ಮನೆ ಮಾಡಿ, ಇವತ್ತು ಅಲ್ಲಿಗೆ ಹೊರಟಿದ್ದರು. ಟೈಲರಮ್ಮ ತಲೆ ಎತ್ತದೆ, ‘ತಾಳು’ ಎಂದು ಸೊಸೆಗೆ ಕೈಸನ್ನೆ ಮಾಡಿದಳು.

ಆಗಿದ್ದು ಇಷ್ಟೆ. ಚೀನಾದಿಂದ ಬಂದ ಸೊಸೆ ಆಸೆಪಟ್ಟು, ಮೊದಲ ಸಲ ನೀಲಿ ಅಂಗಿಯ ತೋಳೊಂದನ್ನು ಹೊಲಿದು ತಂದಿದ್ದಳು. ಟೈಲರಮ್ಮ ಅದನ್ನು ಅವಳೆದುರಿಗೇ ಬಿಚ್ಚಿಹಾಕಿದ್ದಳು. ಈ ಅಂಗಡಿಯಲ್ಲಿ ಯಾರೇ ಕೂರಲಿ, ಮೊದಲ ಹೊಲಿಗೆ ಬಿಚ್ಚಿಸಿಕೊಂಡೇ ಕಲಿಯಬೇಕು. ಟೈಲರಮ್ಮನ ಮೊದಲ ಹೊಲಿಗೆಯನ್ನೂ ಅವಳ ಅತ್ತೆ ಹಾಗೇ ಬಿಚ್ಚಿದ್ದರು. ಇದೆಲ್ಲ ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? ಬಿಚ್ಚಿದ ತೋಳನ್ನು ಎತ್ತಿಕೊಂಡು ಹೋದವಳು ಅವತ್ತಿನಿಂದ ಅಂಗಡಿಗೆ ಕಾಲಿಟ್ಟಿರಲಿಲ್ಲ.

ಮಗನ ಬಾಯಲ್ಲಿ ಹೇಳಿಸಬಹುದಿತ್ತು. ಆದರೆ ತಾನು ಮಾಡಿದ್ದಕ್ಕೆ ಮಗ ಸಮಜಾಯಿಷಿ ಕೊಡುವುದೇ? ಛೆ! ಈ ವಯಸ್ಸಲ್ಲಿ ಚೀನೀ ಭಾಷೆ ಕಲಿಸುವ ಸಂಜೆ ತರಗತಿಗೆ ಸೇರಿದಳು. ಮೇಷ್ಟ್ರು ಕಲಿಸಿದ ಸಾಲು ಬಾಯಿಪಾಠವಾಯಿತು: ಮೊದಲು ಯಾರು, ಆಮೇಲೆ ಯಾವಾಗ, ಎಲ್ಲಿ, ಅದಾದ ಮೇಲೆ ಮಾಡಿದ್ದು, ಕೊನೆಗೆ ಏನನ್ನು. ನಮ್ಮಲ್ಲಿ ಬಾಲಕ್ಕೆ ಬರುವ ಕ್ರಿಯೆ ಅಲ್ಲಿ ಸೊಂಟಕ್ಕೇರಿ ಕೂರುತ್ತದೆ.

‘ನಾನು’, ‘ಅವತ್ತು’, ‘ಅಂಗಡಿಯಲ್ಲಿ’, ‘ಬಿಚ್ಚಿದೆ’, ‘ನಿನ್ನ ಹೊಲಿಗೆ’. ಎಲ್ಲವೂ ಸರಿಯಾಗಿ ಕೂತವು. ‘ಎಲ್ಲರದನ್ನೂ ಬಿಚ್ಚುತ್ತೇನೆ’ ಎಂಬುದೂ ಕೂತಿತು. ಉಳಿದದ್ದು ‘ಹೋಗಬೇಡ’ ಎಂಬ ಒಂದೇ ಚೀಟಿ. ಅದು ಮೊದಲಿಗೋ ಕೊನೆಗೋ? ಅಳತೆ ಸರಿಯಾಗದೆ ಬಟ್ಟೆಗೆ ಕತ್ತರಿ ಹಾಕಿದವಳಲ್ಲ ಅವಳು. ಮೊದಲಿಗಿಟ್ಟಳು, ತೆಗೆದಳು. ಕೊನೆಗಿಟ್ಟಳು, ಮತ್ತೆ ತೆಗೆದಳು.

“ಅಮ್ಮಾ, ಹೊತ್ತಾಯ್ತು, ಬರ್ತೀವಿ!” ಮಗ ಕೂಗಿ ಹಾರ್ನ್ ಹೊಡೆದ.

ತಲೆ ಎತ್ತಿದರೆ ಬಾಗಿಲಲ್ಲಿ ಯಾರೂ ಇಲ್ಲ. ಬೀದಿಗೆ ಓಡಿದಳು. ಅಷ್ಟರಲ್ಲಿ ಕಾರು ತಿರುವು ದಾಟಿತ್ತು.

ಹೊಲಿಯಲು ಕೊಟ್ಟಿದ್ದ ಪ್ಯಾಂಟು ಒಯ್ಯಲು ಬಂದ ಮೇಷ್ಟ್ರು ಮೇಜಿನ ಮೇಲಿನ ಸಾಲನ್ನು ಬಾಗಿ ಓದಿದರು.

“ಭೇಷ್! ಒಂದೂ ತಪ್ಪಿಲ್ಲವಲ್ಲಮ್ಮ. ಇದೊಂದು ಯಾಕೆ ಕೈಯಲ್ಲೇ ಉಳೀತು?”

“ಅದನ್ನ ಎಲ್ಲಿಡೋದು ಅಂತ ತಿಳೀಲಿಲ್ಲ ಮೇಷ್ಟ್ರೇ. ಅಷ್ಟರಲ್ಲಿ ಅವಳು ಹೊರಟೇ ಹೋದ್ಲು.”

ಮೇಷ್ಟ್ರ ಮುಖ ಬಾಡಿತು. “ಅಯ್ಯೋ, ಎಲ್ಲಿಟ್ಟಿದ್ರೂ ನಡೀತಿತ್ತು. ಅದೊಂದನ್ನೇ ಹೇಳಿದ್ರೂ ಸಾಕಿತ್ತಲ್ಲಮ್ಮ.”

ಟೈಲರಮ್ಮ ಕೈಯಲ್ಲಿದ್ದ ಚೀಟಿಯನ್ನು ನೋಡಿದಳು. ಬಾಯಿ ಬಿಟ್ಟು ತಪ್ಪುತಪ್ಪಾಗಿಯಾದರೂ ಆಡಬೇಕಿದ್ದ ಮಾತನ್ನು ಅಳೆದೂ ಅಳೆದೂ ಕಳೆದುಕೊಂಡಿದ್ದಳು.

ಕೂರಲು ಹೋದ ಮೇಷ್ಟ್ರು ಬಾಗಿಲ ಬಳಿಯ ಕುರ್ಚಿಯಿಂದ ಏನನ್ನೋ ಎತ್ತಿ ಕೊಟ್ಟರು. “ಇದು ಯಾರದಮ್ಮ?”

ಅದೇ ನೀಲಿ ತೋಳು. ಸೊಸೆ ಅದನ್ನು ಮತ್ತೆ ಹೊಲಿದು, ತೋರಿಸಲೆಂದೇ ತಂದಿದ್ದಳು. ಟೈಲರಮ್ಮ ಕನ್ನಡಕ ಸರಿಮಾಡಿಕೊಂಡು, ತೋಳನ್ನು ಬೆಳಕಿಗೆ ಹಿಡಿದು, ಹೊಲಿಗೆಯುದ್ದಕ್ಕೂ ಬೆರಳಾಡಿಸಿದಳು. ಬಿಚ್ಚುವಂಥದ್ದು ಒಂದೂ ಸಿಗಲಿಲ್ಲ.