ಕದರಮ್ಮನ ಒನಕೆ

ಗುಬ್ಬಿಯ ಬಸ್ ನಿಲ್ದಾಣದ ಎದುರು ಗ್ರಹಣ ನೋಡುವುದಕ್ಕೆಂದು ಶಾಮಿಯಾನ ಹಾಕಿಸಿದ್ದರು. ಅದರ ಕೆಳಗೆ ಕೂತವರಿಗೆ ಸೂರ್ಯನೇ ಕಾಣುವುದಿಲ್ಲ ಎಂಬುದು ಎರಡನೆಯ ಭಾಷಣ ಮುಗಿಯುವವರೆಗೂ ಯಾರಿಗೂ ಹೊಳೆಯಲಿಲ್ಲ. ಬ್ಯಾನರಿನ ಮೇಲೆ ‘ಸಂಪೂರ್ಣ ಸೂರ್ಯಗ್ರಹಣ ಉತ್ಸವ’ ಎಂದು ದೊಡ್ಡದಾಗಿ ಬರೆದಿತ್ತು. ಸೂರ್ಯ ಮಾತ್ರ ಗುಬ್ಬಿಯ ಮಟ್ಟಿಗೆ ಮುಕ್ಕಾಲು ಪಾಲಿಗಷ್ಟೇ ಒಪ್ಪಿದ್ದ. ಮೂಢನಂಬಿಕೆ ಓಡಿಸಲೆಂದೇ ಮಾಡಿಸಿದ್ದ ಉಪ್ಪಿಟ್ಟಿನ ಮೇಲೆ ಅಡುಗೆಯ ಗಂಗರಾಜು ಯಾರಿಗೂ ಕಾಣದಂತೆ ಎರಡೆಳೆ ದರ್ಭೆ ಇಟ್ಟು ಮುಚ್ಚಳ ಮುಚ್ಚಿದ್ದ.

ಅಲ್ಲಿಗೆ ಚಿಕ್ಕಮಾರಯ್ಯನವರು ಹೆಗಲ ಮೇಲೆ ಒನಕೆ, ಕಂಕುಳಲ್ಲಿ ಹಿತ್ತಾಳೆಯ ತಟ್ಟೆ ಇಟ್ಟುಕೊಂಡು ಬಂದರು. ಹಿಂದಿನ ದಿನ ಟೀ ಅಂಗಡಿಯಲ್ಲಿ ಅವರಿಗೂ ಹೈಸ್ಕೂಲಿನ ವಿಜ್ಞಾನದ ಟೀಚರ್ ತ್ರಿವೇಣಿಗೂ ಮಾತು ಬೆಳೆದಿತ್ತು. ಗ್ರಹಣ ಹಿಡಿದಾಗ ತಟ್ಟೆಯ ನೀರಿನಲ್ಲಿ ಒನಕೆ ನೆಟ್ಟಗೆ ನಿಲ್ಲುತ್ತದೆ, ಬಿಟ್ಟ ಕೂಡಲೇ ತಾನಾಗಿ ಬೀಳುತ್ತದೆ ಎಂದು ಅವರ ಹೆಂಡತಿ ಕದರಮ್ಮ ಇದ್ದಷ್ಟು ಕಾಲ ಬೀದಿಗೆಲ್ಲ ತೋರಿಸಿದ್ದಳು. ತಳ ಸಮವಾಗಿದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತದೆ, ಗ್ರಹಣ ಬಿಟ್ಟರೂ ಬೀಳುವುದಿಲ್ಲ ಎಂಬುದು ತ್ರಿವೇಣಿಯ ವಾದ.

“ಬಿದ್ರೆ ಅಜ್ಜಿ ಹೇಳಿದ್ದು ನಿಜ ಅಂತ ನಾನೇ ಮೈಕಲ್ಲಿ ಹೇಳ್ತೀನಿ. ಬೀಳ್ದಿದ್ರೆ ಸುಳ್ಳು ಅಂತ ನೀವು ಹೇಳ್ಬೇಕು” ಎಂದಿದ್ದಳು. ಕೋಪದಲ್ಲಿ ಚಿಕ್ಕಮಾರಯ್ಯನವರು ಹೂಂ ಅಂದುಬಿಟ್ಟಿದ್ದರು. ಕದರಮ್ಮ ಆಷಾಢದಲ್ಲಿ ತೀರಿಕೊಂಡಿದ್ದಳು. ಅವಳಿಲ್ಲದ ಮೊದಲ ಗ್ರಹಣ ಇದು. ಅವರು ಆ ಒನಕೆಯನ್ನು ಒಮ್ಮೆಯೂ ಮುಟ್ಟಿದವರಲ್ಲ. ಪ್ರತಿ ಗ್ರಹಣದಲ್ಲೂ ಉಪವಾಸವಿದ್ದು ದೇವರ ಮನೆಯಲ್ಲಿ ಜಪಕ್ಕೆ ಕೂರುತ್ತಿದ್ದರು. ಅಲ್ಲಿಂದ ನಡುಮನೆಯಲ್ಲಿ ತಟ್ಟೆಗೆ ಒತ್ತಿಕೊಂಡು ನಿಂತ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ದಡ್ ಎಂಬ ಸದ್ದು ಕೇಳಿದರೆ ಗ್ರಹಣ ಬಿಟ್ಟಿತು; ಎದ್ದು ಸ್ನಾನಕ್ಕೆ ಹೋಗುವುದು.

“ಅಜ್ಜ, ಈ ಕಡೆ ಅಂಚು ತಗ್ಗೈತಲ್ಲ, ನೀರು ನಿಲ್ತದಾ?” ಎಂದಳು ತ್ರಿವೇಣಿ, ತಟ್ಟೆ ನೋಡಿ.

“ನಿಲ್ತದೆ. ಸೊಸೆ ಕೋಮಲ ಬೀಳಿಸಿ ತಗ್ಗು ಮಾಡಿದ್ದು ಅದು. ಅವಳತ್ತೆ ಆಮ್ಯಾಕೆ ಅದ್ನೇ ಹೇಳಿ ಹೇಳಿ ಬೈದ್ಲು.”

ಗ್ರಹಣ ಹಿಡಿದ ಮೇಲೆ ತಟ್ಟೆಗೆ ನೀರು ಸುರಿದು ನಿಲ್ಲಿಸಿದರೆ ಒನಕೆ ಮೊದಲ ಸಲ ನಿಲ್ಲಲಿಲ್ಲ. ಎರಡನೆಯ ಸಲ ಗಂಗರಾಜುವಿನ ಮೇಲೆ ವಾಲಿತು. “ನಾನೇನ್ ಮಾಡಿದ್ನಪ್ಪ ಅದಕ್ಕೆ” ಎಂದು ಅವನು ಹಿಂದೆ ಸರಿದ. ಚಿಕ್ಕಮಾರಯ್ಯನವರು ಕಣ್ಣು ಮುಚ್ಚಿ ದೇವರನ್ನು ನೆನೆದರು; ದೇವರಿಗಿಂತ ಮುಂಚೆ ಹೆಂಡತಿಯೇ ನೆನಪಾದಳು. ಕೈ ತೆಗೆದರು. ಒನಕೆ ನಿಂತಿತ್ತು. ಅಷ್ಟೇ ಸಾಕಾಯಿತು. ಇಡೀ ಗುಬ್ಬಿ ಸೂರ್ಯನಿಗೆ ಬೆನ್ನು ತಿರುಗಿಸಿ ಒನಕೆಯ ಸುತ್ತ ಸೇರಿತು. ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಗ್ರಹಣದ ಕನ್ನಡಕ ಹಾಕಿಕೊಂಡೇ ಒನಕೆ ನೋಡಿ, “ಎಲ್ಲಾ ಕತ್ಲು. ಏನೂ ಕಾಣ್ತಿಲ್ವಲ್ರೀ” ಎಂದು ದೂರಿದರು. “ಮೇಲೆ ನೋಡ್ರಪ್ಪಾ, ಮೇಲೆ” ಎಂದು ತ್ರಿವೇಣಿ ಮೈಕಿನಲ್ಲಿ ಕೂಗಿದಳು. ಸೂರ್ಯ ಪಾಪ, ಒಬ್ಬನೇ ಕರಗಿ ಒಬ್ಬನೇ ತುಂಬಿಕೊಂಡ.

“ಗ್ರಹಣ ಬಿಟ್ಟಿದೆ” ಎಂದು ಕೊನೆಗೆ ಅವಳು ಘೋಷಿಸಿದಳು. ಎಲ್ಲರೂ ಒನಕೆ ನೋಡಿದರು. ಒನಕೆ ಅಲುಗಲಿಲ್ಲ.

“ಏನ್ ಮಾರಣ್ಣ, ಗ್ರಹಣ ಬಿಟ್ಟಿದ್ದು ಒನಕೆಗೆ ಗೊತ್ತಾಗ್ಲಿಲ್ವಾ? ಒಂದು ಮಿಸ್ ಕಾಲ್ ಕೊಡು” ಎಂದ ಗಂಗರಾಜು. ಜನ ನಕ್ಕರು. ಹಸಿದ ಮಕ್ಕಳು ಉಪ್ಪಿಟ್ಟಿನ ಕಡೆ ನೋಡಿದರು. ಒನಕೆ ಬೀಳದೆ ತಿನ್ನಬಾರದು ಎಂದು ತಾಯಂದಿರು ಕೈ ಹಿಡಿದು ಎಳೆದರು. “ಹಂಗಾರೆ ಕದರಮ್ಮ ಇಷ್ಟು ದಿನ ಹೇಳಿದ್ದು ಪುಂಗಿ” ಎಂದರು ಹಿಂದಿನಿಂದ ಯಾರೋ. ತ್ರಿವೇಣಿ ಮೈಕು ಚಾಚಿದಳು. ಮಾತು ಮಾತೇ.

ಚಿಕ್ಕಮಾರಯ್ಯನವರು ಮೈಕು ತೆಗೆದುಕೊಳ್ಳಲಿಲ್ಲ. ಒನಕೆಯ ಹತ್ತಿರ ಹೋಗಿ ಕದರಮ್ಮ ನಿಲ್ಲುತ್ತಿದ್ದಂತೆ ತಟ್ಟೆಗೆ ಒತ್ತಿಕೊಂಡು ನಿಂತರು. ಎತ್ತಿ ಕಟ್ಟಿದ್ದ ಪಂಚೆಯನ್ನು ಪಾದದವರೆಗೆ ಇಳಿಬಿಟ್ಟರು. ಅದರ ಮರೆಯಲ್ಲಿ ಬಲಗಾಲಿನ ಹೆಬ್ಬೆರಳು ಅಂಚು ಹುಡುಕಿಕೊಂಡು ಹೋಯಿತು. ಅಂಚು ತಗ್ಗಿದ್ದ ಜಾಗದಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಒಂದು ಗಳಿಗೆ ಅವರು ಹಾಗೇ ನಿಂತರು. ಆಮೇಲೆ ಒತ್ತಿದರು.

ದಡ್. ನೀರು ಹಾರಿ ಮೊದಲ ಸಾಲಿನ ಗಣ್ಯರ ಬಿಳಿ ಬಟ್ಟೆಯೆಲ್ಲ ಒದ್ದೆಯಾಯಿತು. ಹೆಂಗಸರು ಕೈ ಮುಗಿದರು. ಮಕ್ಕಳು ಉಪ್ಪಿಟ್ಟಿಗೆ ಓಡಿದರು. ತ್ರಿವೇಣಿ ಬಗ್ಗಿ, ಪಂಚೆಯಿಂದ ಹೊರಗೆ ಬಂದ ಒದ್ದೆ ಹೆಬ್ಬೆರಳನ್ನು ನೋಡಿದಳು. ಅಜ್ಜನ ಮುಖ ನೋಡಿದಳು. ಮೈಕಿನಲ್ಲಿ, “ಕದರಮ್ಮನೋರು ಹೇಳಿದ್ದು ನಿಜ. ಬಿತ್ತು” ಎಂದು ಹೇಳಿ ಅದನ್ನು ಆರಿಸಿದಳು.

“ಉಪ್ಪಿಟ್ಟು ತಿಂದ್ಕೊಂಡು ಹೋಗಿ ಅಜ್ಜ.”

“ಸ್ನಾನ ಆಗ್ಬೇಕು ಕಣವ್ವ” ಎಂದು ಚಿಕ್ಕಮಾರಯ್ಯನವರು ತಟ್ಟೆ ಒರೆಸಿ ಕಂಕುಳಲ್ಲಿ ಇಟ್ಟುಕೊಂಡರು. “ಅದ್ಕೂ ಮುಂಚೆ ಮನೆಗೋಗಿ ಕೋಮಲನ್ಗೆ ಒಂದು ಮಾತು ಹೇಳ್ಬೇಕು.”

“ಏನಂತ?”

“ತಟ್ಟೆ ತಗ್ಗಾಗಿದ್ದು ಅವಳು ಬೀಳ್ಸಿ ಅಲ್ಲ ಅಂತ.”