ನಾಲ್ಕನೆಯ ರ‍್ಯಾಮ್

ಮೂರನೆಯ ರ‍್ಯಾಮ್ ಎಂಬ ಮೆಮೊರಿ ಪಟ್ಟಿಯೂ ಕಂಪ್ಯೂಟರಿಗೆ ಹೊಂದಲಿಲ್ಲ. ಜಾಗಕ್ಕೆ ಸರಿಯಾಗಿ ಕೂತಿತು, ಫ್ಯಾನ್ ತಿರುಗಿತು, ತೆರೆ ಮಾತ್ರ ಕಪ್ಪಾಗಿಯೇ ಉಳಿಯಿತು. ದೀಪಾ ಅದನ್ನು ಕಿತ್ತು ಮೇಜಿನ ಮೇಲಿಟ್ಟಳು. ಅದನ್ನು ಕೊಟ್ಟ ಅಂಗಡಿಯವಳು ಮಾವನಿಗೆ ಮೋಸ ಮಾಡುತ್ತಿದ್ದಾಳೆ ಎಂಬುದು ಆಗ ಅವಳಿಗೆ ಖಾತ್ರಿಯಾಯಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಈ ಮನೆಗೆ ಬಂದ ಮೇಲೆ ಅವಳಿಗೆ ಯಾವುದೂ ಬೇಗ ಬರುತ್ತಿರಲಿಲ್ಲ.

"ಇದು ದೊಡ್ಡ ಕಂಪನಿ ಸರ್ವರ್‌ಗೆ ಹಾಕೋದ್ರಿ, ಮಾವ. ಮನಿ ಕಂಪ್ಯೂಟರ್ ಇದನ್ನ ಮೂಸಿನೂ ನೋಡಂಗಿಲ್ಲ."

ಬಸವಂತರಾಯರು ಕನ್ನಡಕ ಸರಿಮಾಡಿಕೊಂಡರು. "ಹೌದೇನವ್ವ? ಇರ್ಲಿ, ನಾಳಿಗಿ ಸಿಂಧನೂರಿಗೆ ಹೋಗಿ ಬದಲಿ ಮಾಡಿಸ್ಕೊಂಡು ಬರ್ತೀನಿ."

ಮೊದಲನೆಯದು ಲ್ಯಾಪ್‌ಟಾಪಿನದು, ಅರ್ಧ ಉದ್ದ. ಎರಡನೆಯದು ಹೊಸ ತಲೆಮಾರಿನದು, ನಡುವಿನ ಕಚ್ಚು ಬೇರೆ ಜಾಗದಲ್ಲಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ, ಕೂದಲೆಳೆಯ ದಪ್ಪವನ್ನೂ ಮಕ್ಕಳ ಕೈಯಲ್ಲಿ ಎರಡೆರಡು ಸಲ ಅಳೆಯಿಸುತ್ತಿದ್ದ ಮನುಷ್ಯ ಇಂಥವನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು.

"ಅಪ್ಪಗ ಮರವು ಸುರುವಾಗೇದ," ಎಂದ ಗಂಡ ಶರಣಬಸವ, ಊಟದ ತಟ್ಟೆಯಿಂದ ತಲೆ ಎತ್ತದೆ. "ರಾಯಚೂರಿಗೆ ಕರ್ಕೊಂಡ್ಹೋಗಿ ತಲಿ ತೋರಸಬೇಕು. ಇಲ್ಲೇ ಮಸ್ಕ್ಯಾಗ ಅಂಗಡಿ ಅದ, ಲಿಂಗಸುಗೂರಾಗ ಇನ್ನೂ ದೊಡ್ಡದದ. ಅಷ್ಟು ದೂರ ಯಾಕ ಓಡ್ಬೇಕು?"

ಅತ್ತೆ ಸಂಗಮ್ಮ ಮೊಣಕಾಲು ನೀವಿಕೊಳ್ಳುತ್ತ, ಮಗ ಎದ್ದುಹೋದ ಮೇಲೆ ಬಸವಂತರಾಯರನ್ನು ಮೆಲ್ಲಗೆ ಕೇಳಿದಳು.

"ಅಂಗಡ್ಯಾಗ ಯಾರು ಕುಂತಿದ್ರು?"

"ಆಕೀನ."

"ಏನರ ಅಂದ್ಳೇನು?"

"ಹೊಂದಲಿಲ್ಲಂದ್ರ ಮತ್ತ ತರ್ರಿ ಅಂದ್ಳು."

"ಹಂಗಂದ್ರ ಹೋಗಿ ಬರ್ರಿ."

ಹೀಗೆ ಹೋಗಿ ಬರುವುದಕ್ಕೆ ಕಾಯುತ್ತ ಕೂರಲು ದೀಪಾಳಿಗೆ ಪುರಸೊತ್ತಿರಲಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಯೊಂದರ ಬಿಲ್ಲುಗಳನ್ನು ಅವಳು ಮನೆಯಿಂದಲೇ ಹಾಕುತ್ತಿದ್ದಳು. ಹಳೆಯ ಯಂತ್ರದಲ್ಲಿ ಒಂದು ಬಿಲ್ಲು ತೆರೆದುಕೊಳ್ಳುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಗಿರಣಿಯ ಪಂಪಣ್ಣ ಫೋನಿನಲ್ಲಿ ಹೇಳಿದ್ದ: "ಸೋಮವಾರಕ್ಕ ಬಿಲ್ ಮುಗೀಲಿಲ್ಲಂದ್ರ ಬ್ಯಾರೆಯವ್ರಿಗೆ ಕೊಡ್ತೀನವ್ವ, ಬ್ಯಾಸರ ಮಾಡ್ಕೋಬ್ಯಾಡ." ಮೆಮೊರಿಯ ದರ ಈ ವರ್ಷ ಏರಿದ್ದರಿಂದ ಹೊಸ ಕಂಪ್ಯೂಟರಿನ ಮಾತೇ ಇರಲಿಲ್ಲ, ಬಳಸಿದ ರ‍್ಯಾಮೇ ಗತಿ. ಆ ಮನೆಯಲ್ಲಿ ತನ್ನದು ಅಂತ ಅವಳಿಗಿದ್ದದ್ದು ಆ ಕೆಲಸವೊಂದೇ. ಒಬ್ಬನೇ ಮಗ, ನಾದಿನಿಯರಿಲ್ಲದ ಮನೆ ಎಂದು ಗುರುಗುಂಟಾದ ಅವಳ ತಂದೆ ನೋಡಿ ಕೊಟ್ಟಿದ್ದ. ಮಾತೂ ಇಲ್ಲದ ಮನೆ ಎಂಬುದು ಬಂದ ಮೇಲೆ ತಿಳಿಯಿತು.

ಮರುದಿನ ಅವಳು ಕಂಪ್ಯೂಟರಿನ ಡಬ್ಬಿಯನ್ನೇ ಅಕ್ಕಿಚೀಲದಲ್ಲಿ ಹಾಕಿಕೊಂಡು ಹೊರಟು ನಿಂತಳು.

"ನಾನೂ ಬರ್ತೀನ್ರಿ, ಮಾವ. ಅಲ್ಲೇ ಹಾಕಿ, ನೋಡೇ ತರೋಣ."

"ಬ್ಯಾಡವ್ವ, ಬಿಸಿಲದ."

"ನಿಮಗಿಲ್ಲದ ಬಿಸಿಲು ನನಗೇನ್ರಿ?"

ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತರು. ಕಾಲುವೆ ಬಂತು, ಭತ್ತದ ಗದ್ದೆ ಬಂತು. ತೊಡೆಯ ಮೇಲಿನ ಡಬ್ಬಿಯ ಭಾರಕ್ಕೆ ಕಾಲು ಜೋಮು ಹಿಡಿದದ್ದೂ ಅವಳಿಗೆ ಇಳಿಯುವಾಗಲೇ ತಿಳಿದದ್ದು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಸಿಂಧನೂರಿನಲ್ಲಿ ಇಳಿದು, ಎರಡು ಕಂಪ್ಯೂಟರ್ ಅಂಗಡಿಗಳನ್ನು ದಾಟಿ, ಮೂರನೆಯದಕ್ಕೆ ಹತ್ತಿದರು.

ಗಲ್ಲಾದ ಹಿಂದೆ ಗೋಡೆಗೆ ಬುದ್ಧನ ಪಟ. ಅದರ ಕೆಳಗೆ ಕೂತಿದ್ದ ಹೆಂಗಸಿನ ಹಣೆಯ ಮೇಲೆ ಅಳಿಸಿಹೋಗುವಂತಿದ್ದ ತೆಳ್ಳನೆಯ ವಿಭೂತಿ. ಮಾವನನ್ನು ಕಂಡು ಎದ್ದವಳು ದೀಪಾಳನ್ನು ಕಂಡು ಮತ್ತೆ ಕೂತಳು.

"ಬರ್ರಿ ಸರ್. ಇವ್ರು?"

"ನಮ್ಮ ಸೊಸಿ. ದೀಪಾ."

ಗಿರಾಕಿಯನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತು ಅವಳು ದೀಪಾಳನ್ನು ನೋಡಿದಳು. ಸಿಕ್ಕಿಬಿದ್ದವರ ನೋಟ, ಎಂದುಕೊಂಡಳು ದೀಪಾ.

"ಮನ್ಯಾಗ ಎಲ್ಲಾ ಆರಾಮೇನ್ರಿ, ಸರ್?"

"ಆರಾಮ. ಮೊಣಕಾಲು ಒಂದೀಟು ಜಾಸ್ತಿ ಆಗೇದ."

ಮಾವನ ಮೊಣಕಾಲಿಗೆ ಏನೂ ಆಗಿರಲಿಲ್ಲ. ಗಂಡ ಹೇಳಿದ್ದು ಸುಳ್ಳಲ್ಲವೇನೋ ಎನಿಸಿತು ದೀಪಾಳಿಗೆ.

ಹೆಂಗಸು ಮೂರನೆಯ ರ‍್ಯಾಮನ್ನು ಮರುಮಾತಿಲ್ಲದೆ ವಾಪಸು ತೆಗೆದುಕೊಂಡು ಇನ್ನೊಂದನ್ನು ಮುಂದಿಟ್ಟಳು. ಮಾವ ಅದನ್ನು ನೋಡದೆಯೇ ಜೇಬಿನತ್ತ ಒಯ್ದರು.

"ತಡೀರಿ, ಮಾವ." ದೀಪಾ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. "ಕಚ್ಚು ನೋಡ್ರಿ. ಹೋದ ಸಲ ವಾಪಸ್ ಕೊಟ್ಟದ್ದಽ ಇದು. ಇದು ನಮ್ಮದ್ರಾಗ ಕೂಡ್ರಂಗಿಲ್ಲ."

ದೀಪಾ ಚೀಲ ಬಿಚ್ಚಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಹೊಂದೋದು ಅದನೋ ಇಲ್ಲೋ, ಹೇಳ್ರಿ. ಇಲ್ಲಂದ್ರ ಬ್ಯಾರೆ ಕಡೆ ಹೋಗ್ತೀವಿ."

ಹೆಂಗಸು ಮಾವನತ್ತ ನೋಡಿದಳು. ಮಾವ ರಸ್ತೆಯತ್ತ ನೋಡುತ್ತಿದ್ದರು. ಅವಳು ಕೈಗೆ ಹತ್ತಿರದ ಡ್ರಾ ಎಳೆದು, ಹುಡುಕದೆ, ಕಾಗದದಲ್ಲಿ ಸುತ್ತಿಟ್ಟಿದ್ದ ರ‍್ಯಾಮ್ ತೆಗೆದಳು. ಡಬ್ಬಿ ಬಿಚ್ಚಿ ಅದನ್ನು ಎರಡು ಹೆಬ್ಬೆರಳಿನಿಂದ ಒತ್ತಿದಳು. ಟಕ್ ಎಂದಿತು. ಅಂಗಡಿಯ ತೆರೆಗೆ ಜೋಡಿಸಿದಳು. ತೆರೆ ಬೆಳಗಿತು. ಗಿರಣಿಯ ಬಿಲ್ಲು ಒತ್ತಿದೊಡನೆ ತೆರೆದುಕೊಂಡಿತು.

ಕೆಲಸ ಉಳಿಯಿತು. ದೀಪಾ ಸಂತೋಷಕ್ಕಾಗಿ ಕಾದಳು. ಅದೂ ಬರಲಿಲ್ಲ.

"ಮೊದ್ಲಿಂದಾನೂ ಇಟ್ಕೊಂಡೀರಿ ಇದನ್ನ," ಎಂದಳು. "ಮತ್ಯಾಕ ವಯಸ್ಸಾದವ್ರನ್ನ ಬಿಸಿಲಾಗ ತಿರುಗಿಸಿದ್ರಿ?"

ಹೆಂಗಸು ಡಬ್ಬಿಯ ಸ್ಕ್ರೂ ಬಿಗಿಯತೊಡಗಿದಳು. ಮಾವ ತೆರೆಯನ್ನು ನೋಡಲೇ ಇಲ್ಲ. ಕುರ್ಚಿಯ ಕೈ ಹಿಡಿದು ನಿಧಾನ ಎದ್ದರು.

"ಇನ್ನ ಮ್ಯಾಲ ನಮ್ಮ ಮಾವ ಈ ಅಂಗಡಿಗಿ ಬರಂಗಿಲ್ಲ," ಎಂದಳು ದೀಪಾ.

ಕೊನೆಯ ಸ್ಕ್ರೂ ಬಿಗಿದು, ತಲೆ ಎತ್ತದೆ, ಹೆಂಗಸು ಮುದುಕರನ್ನು ಕೇಳಿದಳು: "ಹಂಗಾದ್ರ ಅವ್ವನ ಸುದ್ದಿ ಇನ್ನ ನನಗ ಯಾರು ಹೇಳ್ತಾರ, ಅಪ್ಪ?"